ಕೋಬೆಯಲ್ಲಿ ವಾಗ್ಯು ತಿನ್ನೋಕೆ ಹೋಗ್ತೀರಾ? ಸ್ವಲ್ಪ ಕಮ್ಮಿ ಆರ್ಡರ್ ಮಾಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಬೀಫ್ ತಿನ್ನುವವರಿಗೆ ಬರೆದದ್ದು. ನಾನು ಮಂಗಳೂರು ಕಡೆಯವನು. ಬೀಫ್ ಅಂದರೆ ನನಗೆ ಪರೋಟದ ಜೊತೆ ಬೀಫ್ ಚಿಲ್ಲಿ, ಒಂದು ಪ್ಲೇಟ್ ಮುಗಿದರೆ ಇನ್ನೊಂದು. ಅದೇ ಲೆಕ್ಕ ಇಟ್ಟುಕೊಂಡು ವಾಗ್ಯು, ಅಂದರೆ ಜಪಾನಿನದೇ ತಳಿಯ ದನದ ಕೊಬ್ಬು ತುಂಬಿದ ಮಾಂಸ, ತಿನ್ನೋಕೆ ಅಲ್ಲಿನ ಕೋಬೆ ಊರಿಗೆ ಹೋದೆ, ಮೊದಲ ರಾತ್ರಿಯೇ ಬುದ್ಧಿ ಬಂತು.

ದಾರಿ ಸುಲಭ. ಒಸಾಕಾದಿಂದ ಜಪಾನಿನ ರೈಲ್ವೆ ಜೆಆರ್‌ನ ಶಿನ್‌ಕೈಸೊಕು ಅನ್ನುವ ವೇಗದ ರೈಲು ಹತ್ತಿದರೆ ಇಪ್ಪತ್ತು ಚಿಲ್ಲರೆ ನಿಮಿಷ. ಆದರೆ ಇಳಿಯಬೇಕಾದದ್ದು ಸನ್ನೊಮಿಯಾದಲ್ಲಿ. ಕೋಬೆ ಅಂತಲೇ ಹೆಸರಿರುವ ಸ್ಟೇಷನ್ ಬೇರೆ, ಇನ್ನೂ ಮುಂದೆ ಇದೆ. ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಬಂದರೆ ಶಿನ್‌ಕೋಬೆಯಲ್ಲಿ ಇಳಿಸುತ್ತದೆ, ಅಲ್ಲಿಂದ ಸನ್ನೊಮಿಯಾಕ್ಕೆ ಮೆಟ್ರೋದಲ್ಲಿ ಒಂದೇ ಸ್ಟಾಪ್.

ನಾವು ರಾತ್ರಿ ಹೋದದ್ದು ಸನ್ನೊಮಿಯಾದ ಒಂದು ಸಾಧಾರಣ ಯಾಕಿನಿಕು ಅಂಗಡಿಗೆ. ಮೇಜಿನ ಮಧ್ಯೆ ಒಲೆ, ತೆಳ್ಳಗೆ ಹೆಚ್ಚಿದ ಹಸಿ ಮಾಂಸ ತಂದಿಡುತ್ತಾರೆ, ಸುಟ್ಟುಕೊಳ್ಳುವುದು ನಮ್ಮ ಕೆಲಸ. ಟ್ಯಾಬ್ಲೆಟ್‌ನಲ್ಲಿ ಇಂಗ್ಲಿಷ್ ಇತ್ತು, ಫೋಟೋ ಇತ್ತು, ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಎ5 ಅಂತ ಕಂಡದ್ದನ್ನೆಲ್ಲ ನಾನೂ ನನ್ನ ಹೆಂಡತಿಯೂ ಒತ್ತುತ್ತಾ ಹೋದೆವು. ಮೊದಲ ಮೂರು ತುಂಡಿಗೆ ಇಬ್ಬರ ಬಾಯಲ್ಲೂ ಮಾತಿಲ್ಲ. ಎಂಟನೆಯದು ಬರೀ ಬೆಣ್ಣೆ ತಿಂದ ಹಾಗಾಯಿತು. ಆಮೇಲೆ ‘ನೀವು ತಿನ್ನಿ’, ‘ಇಲ್ಲ, ನೀನೇ ತಿನ್ನು’ ಅಂತ ಪ್ಲೇಟ್ ಆ ಕಡೆ ಈ ಕಡೆ ತಳ್ಳಿದ್ದೇ ಬಂತು. ಬಿಲ್ 19,000 ಯೆನ್ ದಾಟಿತ್ತು. ರಾತ್ರಿಯಿಡೀ ಹೊಟ್ಟೆ ಭಾರ.

ಈ ಎ5 ವಿಷಯ ಸ್ವಲ್ಪ ಗೊತ್ತಿದ್ದರೆ ಹೀಗಾಗುವುದಿಲ್ಲ. ‘ಎ’ ಅನ್ನುವುದು ಒಂದು ದನದಿಂದ ಎಷ್ಟು ಮಾಂಸ ಸಿಕ್ಕಿತು ಅನ್ನುವ ಲೆಕ್ಕ, ತಿನ್ನುವವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. 5 ಅನ್ನುವುದು ಗುಣಮಟ್ಟ. ಮಾಂಸದ ಒಳಗೆ ಕೊಬ್ಬು ಎಷ್ಟು ಹರಡಿದೆ ಅನ್ನುವುದಕ್ಕೆ 1ರಿಂದ 12ರವರೆಗೆ ಬೇರೆಯೇ ಅಂಕ ಇದೆ, 8 ಮತ್ತು ಅದಕ್ಕಿಂತ ಮೇಲಿದ್ದರೆ ಮಾತ್ರ 5 ಸಿಗುತ್ತದೆ. ಕೋಬೆ ಬೀಫ್ ಅನ್ನಿಸಿಕೊಳ್ಳಲು ಕೋಬೆ ಇರುವ ಹ್ಯೊಗೊ ಪ್ರಾಂತ್ಯದಲ್ಲೇ ಹುಟ್ಟಿ ಬೆಳೆದ ತಾಜಿಮಾ ತಳಿಯ ದನವಾಗಿರಬೇಕು, ಅಂಕ 6 ಇದ್ದರೂ ಸಾಕು. ಅಂದರೆ ಎ5ರ ಕೆಳಗಿನ ಎ4 ಕೂಡ ಅಸಲಿ ಕೋಬೆ ಬೀಫ್ ಆಗಬಹುದು. ನನ್ನ ಕೇಳಿದರೆ ಅದೇ ವಾಸಿ, ಮಾಂಸದ ರುಚಿಯಾದರೂ ಗೊತ್ತಾಗುತ್ತದೆ.

ಹಾಗಾಗಿ ಯಾಕಿನಿಕುಗೆ ಹೋದರೆ ಮೊದಲು ‘ತಾನ್’ ತರಿಸಿ, ಅದು ನಾಲಿಗೆ, ನಿಂಬೆರಸ ಮುಟ್ಟಿಸಿ ತಿನ್ನಬೇಕು. ಆಮೇಲೆ ‘ಕರುಬಿ’, ಅದು ಪಕ್ಕೆಲುಬಿನ ಕಡೆಯದು, ಜಿಡ್ಡು ಜಾಸ್ತಿ, ಇಬ್ಬರಿಗೆ ಒಂದು ಪ್ಲೇಟ್ ಸಾಕು. ನಡುವೆ ‘ಹರಾಮಿ’ ಇರಲಿ, ಅದು ಎದೆಗೂ ಹೊಟ್ಟೆಗೂ ನಡುವಿನ ವಪೆಯ ಮಾಂಸ. ಹೆಸರು ಕೇಳಿ ನಗಬೇಡಿ, ನಾವು ನಕ್ಕು ಆಗಿದೆ. ಜಿಡ್ಡು ಅಷ್ಟಿಲ್ಲ, ರೇಟೂ ಕಮ್ಮಿ, ನಮ್ಮ ನಾಲಿಗೆಗೆ ಹಿಡಿಸುವುದು ಅದೇ. ಜೊತೆಗೆ ಅನ್ನ ತರಿಸಿ, ಸುಮ್ನೆ ಬರೀ ಮಾಂಸ ತಿನ್ನಬೇಡಿ. ತೆಳು ತುಂಡನ್ನು ಒಲೆಯ ಮೇಲೆ ಬಿಟ್ಟು ಹರಟೆ ಹೊಡೆಯುತ್ತಾ ಕೂರಬೇಡಿ, ಕೊಬ್ಬು ತೊಟ್ಟಿಕ್ಕಿ ಬೆಂಕಿ ಮೇಲೇಳುತ್ತದೆ. ಹಸಿ ಮಾಂಸಕ್ಕೆ ಇಕ್ಕಳ, ತಿನ್ನಲು ಚಾಪ್‌ಸ್ಟಿಕ್, ಎರಡನ್ನೂ ಬೆರೆಸಬೇಡಿ.

ಮಾರನೇ ದಿನ ಮಧ್ಯಾಹ್ನ ಟೆಪ್ಪನ್ ಅಂಗಡಿಗೆ ಹೋದೆವು. ದೊಡ್ಡ ಕಾವಲಿಯ ಮುಂದೆ ಸಾಲಾಗಿ ಕುರ್ಚಿ, ಅಡುಗೆಯವರು ಕಣ್ಣೆದುರೇ ಮಾಡುತ್ತಾರೆ. ಅನ್ನ, ಸೂಪು, ಸಲಾಡ್ ಸೇರಿ ಕೋಬೆ ಬೀಫ್ ಲಂಚ್ ಸೆಟ್ ತಲೆಗೆ 5,000 ಯೆನ್ ಒಳಗೇ ಮುಗಿಯಿತು, ನಮ್ಮ 3,000 ರೂಪಾಯಿ ಆಸುಪಾಸು. ರಾತ್ರಿಗೆ ಇದೇ ಮಾಂಸಕ್ಕೆ ರೇಟ್ ಏರುತ್ತದೆ, ಹಾಗಾಗಿ ಮಧ್ಯಾಹ್ನವೇ ಹೋಗಿ, ಬಾಗಿಲು ತೆಗೆಯುವ ಹೊತ್ತಿಗೇ ನಿಂತಿರಿ. ಮೊದಲು ಬೆಳ್ಳುಳ್ಳಿ ಚೂರನ್ನು ಕೆಂಪಗೆ ಹುರಿದು ಪಕ್ಕಕ್ಕಿಟ್ಟರು, ಆಮೇಲೆ ಮಾಂಸ, ಕೊನೆಗೆ ಅದೇ ಜಿಡ್ಡಿನಲ್ಲಿ ಮೊಳಕೆಕಾಳು. ‘ವೆಲ್ ಡನ್’, ಅಂದರೆ ಪೂರ್ತಿ ಬೇಯಲಿ ಅಂತ ಮಾತ್ರ ಹೇಳಬೇಡಿ, ನೀವು ದುಡ್ಡು ಕೊಟ್ಟ ಕೊಬ್ಬೆಲ್ಲ ಕಾವಲಿಗೆ ಹೋಗುತ್ತದೆ. ಕೆಂಪು ಕಂಡರೆ ಆಗುವುದಿಲ್ಲ ಅನ್ನುವವರು ‘ಮೀಡಿಯಂ’ ಅನ್ನಿ. ಸಾಸ್ ಬದಿಗಿಟ್ಟು ಉಪ್ಪು, ಮೂಗಿಗೇರುವ ಖಾರದ ಹಸಿರು ವಸಾಬಿ ಚೂರು ಹಚ್ಚಿ ನೋಡಿ. ಬಿರಿಯಾನಿ ಜೊತೆ ಮೊಸರುಬಜ್ಜಿ ಮಾಡುವ ಕೆಲಸವನ್ನು ಇಲ್ಲಿ ವಸಾಬಿ ಮಾಡುತ್ತದೆ. ನೂರು, ನೂರೈವತ್ತು ಗ್ರಾಂ ಸಾಕೇ ಸಾಕು.

ಮೆನುವಿನಲ್ಲಿ ‘ಕೊಕುಸಾನ್‌ಗ್ಯೂ’ ಅಂತಿದ್ದರೆ ಅದು ಜಪಾನಿನಲ್ಲಿ ಬೆಳೆದ ದನ ಅಷ್ಟೇ, ವಾಗ್ಯು ಅಂತಲ್ಲ. ಹಾಲಿನ ಹೋಲ್‌ಸ್ಟೀನ್ ದನವೂ ಆಗಿರಬಹುದು. ಅಲ್ಲಿ ಪ್ರತಿ ದನಕ್ಕೂ 10 ಅಂಕಿಯ ನಂಬರ್ ಇರುತ್ತದೆ, ಕೆಲವು ಅಂಗಡಿಗಳಲ್ಲಿ ಬರೆದು ಹಾಕಿರುತ್ತಾರೆ. ಅದನ್ನು ನೆಟ್‌ನಲ್ಲಿ ಹಾಕಿದರೆ ದನ ಎಲ್ಲಿ ಯಾವಾಗ ಹುಟ್ಟಿದ್ದು ಅಂತ ಬರುತ್ತದೆ. ತಿನ್ನುವ ಮುಂಚೆ ನೋಡಬೇಡಿ, ನನ್ನ ಹೆಂಡತಿ ನೋಡಿ ಐದು ನಿಮಿಷ ಸುಮ್ಮನೆ ಕೂತಿದ್ದಳು.

ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ದಯವಿಟ್ಟು ಇಲ್ಲಿಗೆ ಎಳೆದುಕೊಂಡು ಹೋಗಬೇಡಿ. ತರಕಾರಿಯೂ ಅದೇ ಕಾವಲಿಯಲ್ಲಿ, ಮಿಸೊ ಸೂಪಿನಲ್ಲೂ ಸಾಮಾನ್ಯವಾಗಿ ಮೀನಿನ ಸಾರ ಇರುತ್ತದೆ. ನಮ್ಮ ಗೆಳೆಯನೊಬ್ಬ ಬರೀ ಅನ್ನಕ್ಕೆ ಬ್ಯಾಗಿನಲ್ಲಿದ್ದ ಚಟ್ನಿಪುಡಿ ಕಲಸಿಕೊಂಡು ಉಂಡ, ಪಾಪ.

ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ. ಮತ್ತೆ, ಏರ್‌ಪೋರ್ಟ್‌ನಲ್ಲಿ ವಾಗ್ಯು ಜರ್ಕಿ ಪ್ಯಾಕೆಟ್ ಕಂಡು ಆಸೆಯಾದರೆ ಅಲ್ಲೇ ತಿಂದು ಮುಗಿಸಿ, ಭಾರತಕ್ಕೆ ಬೀಫ್ ತರುವಂತಿಲ್ಲ.