ಪುಣ್ಯಕೋಟಿ ಬರೀ ಸತ್ಯವಂತೆಯಾ? ಪಾತ್ರಚಿತ್ರಣ ಪಾಠ ಮಾಡುತ್ತಾ ಕಲಿತದ್ದು

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪರೀಕ್ಷೆಯಲ್ಲಿ ಆಗಾಗ ಬರುವ ಒಂದು ಪ್ರಶ್ನೆ ನಿಮಗೂ ನೆನಪಿರಬಹುದು: ‘ಈ ಪಾತ್ರದ ಸ್ವಭಾವವನ್ನು ವಿವರಿಸಿ.’ ಇದಕ್ಕೆ ಮಕ್ಕಳು ಬರೆದ ಉತ್ತರಗಳನ್ನು ಒಂದೇ ಸಮ ಓದುತ್ತಾ ಹೋದರೆ ಯಾವ ಕಥೆ, ಯಾವ ಪಾತ್ರ ಎಂಬುದೇ ಮರೆತುಹೋಗುತ್ತದೆ. ದಯಾಳು, ಸತ್ಯವಂತ, ಧೈರ್ಯಶಾಲಿ, ಪರೋಪಕಾರಿ. ಹೆಸರು ಅಳಿಸಿ ಬೇರೆ ಹೆಸರು ಬರೆದರೂ ಉತ್ತರ ಹಾಗೇ ನಡೆಯುತ್ತದೆ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಗೈಡುಗಳಲ್ಲಿ ಹಾಗೇ ಅಚ್ಚಾಗಿರುತ್ತದೆ. ಅದನ್ನು ಬಾಯಿಪಾಠ ಮಾಡಿದರೆ ಅಂಕವೂ ಬರುತ್ತದೆ. ಆದರೆ ಆ ಮಗು ಕಥೆಯೊಳಗೆ ಹೋಗಿರುವುದಿಲ್ಲ. ಒಬ್ಬ ಮನುಷ್ಯ ಎಂಥವನು ಎಂದು ತಾನೇ ನೋಡಿ ತಿಳಿಯುವ ಖುಷಿ ಅದಕ್ಕೆ ಸಿಕ್ಕಿರುವುದಿಲ್ಲ. ನನಗೆ ಸಂಕಟವಾಗುವುದು ಅದಕ್ಕೆ.

ಹಾಗಾಗಿ ತರಗತಿಯಲ್ಲಿ ನಾನು ಈಗ ಎರಡನೇ ಪ್ರಶ್ನೆಯನ್ನೂ ಕೇಳುತ್ತೇನೆ. ‘ಅವನು ಒಳ್ಳೆಯವನು’ ಎಂದು ಮಗು ಹೇಳಿತು ಅನ್ನಿ. ‘ಸರಿ, ಅದು ನಿನಗೆ ಹೇಗೆ ಗೊತ್ತಾಯ್ತು? ಎಲ್ಲಿದೆ, ಬೆರಳಿಟ್ಟು ತೋರಿಸು’ ಎನ್ನುತ್ತೇನೆ. ಅಷ್ಟೇ. ಆಗ ಎಲ್ಲರೂ ಪುಸ್ತಕದ ಕಡೆ ಬಗ್ಗುತ್ತಾರೆ.

ಮೊದಲು ಎಲ್ಲರಿಗೂ ಗೊತ್ತಿರುವ ಗೋವಿನ ಹಾಡನ್ನೇ ತೆಗೆದುಕೊಳ್ಳುತ್ತೇನೆ. ‘ಪುಣ್ಯಕೋಟಿ ಎಂಥವಳು?’ ಎಂದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ಸತ್ಯವಂತೆ’ ಎನ್ನುತ್ತದೆ. ಹೌದು, ಕೊಟ್ಟ ಮಾತಿನಂತೆ ಹುಲಿಯ ಹತ್ತಿರ ವಾಪಸ್ಸು ಹೋದಳು. ಅದು ಎದ್ದು ಕಾಣುವ ಗುಣ. ಆದರೆ ಹೋಗುವ ಮುಂಚೆ ಅವಳು ದೊಡ್ಡಿಯ ಬೇರೆ ಹಸುಗಳಿಗೆ ಹೇಳುವ ಮಾತು ನೆನಪಿದೆಯಾ?

‘ಮುಂದೆ ಬಂದರೆ ಹಾಯದಿರಿ, ಹಿಂದೆ ಬಂದರೆ ಒದೆಯದಿರಿ.’

ಸಾಯಲು ಹೊರಟವಳು ದೊಡ್ಡ ಮಾತೇನೂ ಆಡುತ್ತಿಲ್ಲ. ನಾಳೆ ಬೆಳಿಗ್ಗೆ ಈ ಕರು ಹಸಿದು ಯಾವುದೋ ಹಸುವಿನ ಮುಂದೆ ಹೋಗಿ ನಿಂತರೆ ಅದು ಹಾಯಬಹುದು. ಹಿಂದೆ ಹೋದರೆ ಒದೆಯಬಹುದು. ಹಟ್ಟಿಯಲ್ಲಿ ದಿನಾ ನಡೆಯುವುದೇ ಅದು. ಅವಳ ತಲೆಯಲ್ಲಿ ಇರುವುದು ಆ ಚಿಂತೆ. ಮನೆಯಲ್ಲಿ ದನ ಇರುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಹುಡುಗ ಎದ್ದು ನಿಂತು, ‘ಹೌದು ಮೇಡಂ, ಬೇರೆ ಕರು ಬಂದ್ರೆ ನಮ್ಮನೆ ಹಸು ಒದೆಯುತ್ತೆ’ ಎಂದ. ‘ತಾಯಿ ಪ್ರೀತಿ’ ಎಂಬ ಮಾತನ್ನು ಈ ಎರಡು ಸಾಲು ಹೇಳುವುದೇ ಇಲ್ಲ. ಆದರೂ ಈ ಹಾಡಿನಲ್ಲಿ ತಾಯಿಯನ್ನು ಇಷ್ಟು ಹತ್ತಿರದಿಂದ ತೋರಿಸುವ ಸಾಲು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಅಲ್ಲಿಂದ ಇನ್ನೊಂದು ಸಂಗತಿಯೂ ಹೊರಬರುತ್ತದೆ. ಕರುವಿನ ಮೇಲೆ ಇಷ್ಟು ಜೀವ ಇಟ್ಟವಳಿಗೆ ವಾಪಸ್ಸು ಹೋಗುವುದು ಸುಲಭವಾಗಿರಲಿಲ್ಲ. ಆ ಪ್ರೀತಿ ಕಂಡ ಮೇಲೆಯೇ ಅವಳ ಸತ್ಯಕ್ಕೆ ತೂಕ ಬರುತ್ತದೆ. ಕಳೆದುಕೊಳ್ಳಲು ಏನೂ ಇಲ್ಲದವರು ಮಾತು ಉಳಿಸಿಕೊಂಡರೆ ಅದರಿಂದ ನಮಗೆ ಅವರ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ, ಅಲ್ವಾ? ಕಥೆ ಕಟ್ಟುವವರು ಪಾತ್ರವನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಇದಕ್ಕೇ. ಎರಡೂ ಬೇಕು, ಒಂದನ್ನು ಬಿಡಬೇಕು ಎನ್ನುವಾಗ ಪಾತ್ರ ಯಾವುದನ್ನು ಹಿಡಿಯುತ್ತದೆ ಎಂದು ನೋಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ನನ್ನ ಪಾಠದ ತಿರುಳು ಇದೇ.

ಇದನ್ನು ಚೆನ್ನಾಗಿ ತೋರಿಸಲು ನನಗೆ ಸಿಕ್ಕ ಕಥೆ ಪ್ರೇಮಚಂದರ ‘ಈದ್ಗಾಹ್’. ಮೂಲ ಹಿಂದಿಯದು. ನಾನು ಅದನ್ನು ಲೈಬ್ರರಿ ಪೀರಿಯಡ್ಡಿನಲ್ಲಿ ಕನ್ನಡದಲ್ಲಿ ಹೇಳುತ್ತೇನೆ, ನಡುನಡುವೆ ನಿಲ್ಲಿಸುತ್ತಾ.

ಹಮೀದ್ ನಾಲ್ಕೈದು ವರ್ಷದ ಹುಡುಗ. ಅಪ್ಪ ಅಮ್ಮ ಇಲ್ಲ. ಅಜ್ಜಿ ಅಮೀನಾ ಸಾಕುತ್ತಿದ್ದಾಳೆ. ಹಬ್ಬದ ದಿನ ಊರ ಹುಡುಗರ ಜೊತೆ ಜಾತ್ರೆಗೆ ಹೊರಟಿದ್ದಾನೆ. ಕಾಲಿಗೆ ಚಪ್ಪಲಿ ಇಲ್ಲ, ತಲೆಯ ಮೇಲೆ ಜರಿ ಕಪ್ಪಾದ ಹಳೇ ಟೋಪಿ. ಕೈಯಲ್ಲಿ ಮೂರೇ ಪೈಸೆ. ಗೆಳೆಯ ಮೊಹ್ಸಿನ್ ಹತ್ತಿರ ಹದಿನೈದು ಪೈಸೆ, ಮಹಮೂದನ ಹತ್ತಿರ ಹನ್ನೆರಡು. ಅವರೆಲ್ಲ ಮಣ್ಣಿನ ಬೊಂಬೆ ಕೊಳ್ಳುತ್ತಾರೆ: ಒಬ್ಬ ಸಿಪಾಯಿ, ಒಬ್ಬ ನೀರು ಹೊರುವವನು, ಒಬ್ಬ ವಕೀಲ. ಮಿಠಾಯಿ ತಿನ್ನುತ್ತಾರೆ. ಹಮೀದ್ ಕೊನೆಗೆ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಇಕ್ಕಳ ಕೊಳ್ಳುತ್ತಾನೆ. ಹೆಂಚಿನಿಂದ ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ಸುಡುತ್ತದಲ್ಲ, ಅದಕ್ಕೆ.

ಇಲ್ಲಿಗೆ ಕಥೆ ನಿಲ್ಲಿಸಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ತ್ಯಾಗಜೀವಿ, ಮೇಡಂ.’ ಆಗ ನಾನು ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆ. ಬೊಂಬೆ ನೋಡಿ ಹಮೀದ್ ಏನು ಮಾಡಿದ? ಬಾಯಲ್ಲಿ, ‘ಅವು ಮಣ್ಣಿನವು, ಬಿದ್ದರೆ ಒಡೆದುಹೋಗುತ್ತವೆ’ ಎಂದ. ಆದರೆ ಕೈ? ಕೈ ತಾನಾಗಿ ಬೊಂಬೆಯ ಕಡೆ ಚಾಚುತ್ತದೆ. ಒಂದು ಸಲ ಮುಟ್ಟಿ ನೋಡಬೇಕು ಅಂತ ಆಸೆ. ಗೆಳೆಯರು ಕೊಡುವುದಿಲ್ಲ. ಮೊಹ್ಸಿನ್ ಮಿಠಾಯಿ ಕೊಡುವವನಂತೆ ಕರೆದು, ಹಮೀದ್ ಕೈ ಚಾಚಿದಾಗ ತನ್ನ ಬಾಯಿಗೇ ಹಾಕಿಕೊಳ್ಳುತ್ತಾನೆ. ಎಲ್ಲರೂ ನಗುತ್ತಾರೆ.

ಬಾಯಿ ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ. ಇದನ್ನು ಗಮನಿಸಿದ ತಕ್ಷಣ ಮಕ್ಕಳ ಮುಖವೇ ಬೇರೆಯಾಗುತ್ತದೆ. ‘ಅವನಿಗೂ ಬೇಕಿತ್ತು, ಬೇಡ ಅಂತ ಸುಮ್ನೆ ಹೇಳ್ದ’ ಎಂದು ಒಬ್ಬಳು ಹೇಳಿದಳು. ಸರಿಯಾಗಿಯೇ ಹೇಳಿದಳು. ಹಮೀದನಿಗೆ ಆಸೆ ಇಲ್ಲದಿದ್ದರೆ ಇಕ್ಕಳ ಕೊಂಡದ್ದು ದೊಡ್ಡ ವಿಷಯ ಆಗುತ್ತಿರಲಿಲ್ಲ. ಪ್ರೇಮಚಂದರು ಆ ಚಾಚಿದ ಕೈಯನ್ನು ತೋರಿಸಿದ್ದರಿಂದಲೇ ಮೂರು ಪೈಸೆಗೆ ಅಷ್ಟು ಬೆಲೆ ಬಂತು.

ಅಂಗಡಿಯ ಭಾಗವನ್ನೂ ನಾನು ಅವಸರ ಮಾಡದೆ ಓದುತ್ತೇನೆ. ಅಂಗಡಿಯವನು ಮೊದಲು ಆರು ಪೈಸೆ ಎನ್ನುತ್ತಾನೆ, ಆಮೇಲೆ ಐದು. ಹಮೀದ್ ಎದೆ ಗಟ್ಟಿ ಮಾಡಿಕೊಂಡು ‘ಮೂರಕ್ಕೆ ಕೊಡ್ತೀರಾ?’ ಎಂದು ಕೇಳಿ, ಎಲ್ಲಿ ಬೈಯುತ್ತಾರೋ ಎಂದು ಮುಂದೆ ನಡೆದುಬಿಡುತ್ತಾನೆ. ಅಂಗಡಿಯವನು ಬೈಯುವುದಿಲ್ಲ, ಕರೆದು ಇಕ್ಕಳ ಕೊಡುತ್ತಾನೆ. ಹುಡುಗನ ಧೈರ್ಯ, ಭಯ ಎರಡೂ ಆ ಒಂದು ಕ್ಷಣದಲ್ಲಿವೆ. ಅಂಗಡಿಯವನ ಮನಸ್ಸೂ ಅಲ್ಲೇ ಕಾಣುತ್ತದೆ. ಅವನ ಬಗ್ಗೆ ಕಥೆಗಾರರು ಒಂದು ಗುಣವಾಚಕವನ್ನೂ ಖರ್ಚು ಮಾಡಿಲ್ಲ.

ಇಕ್ಕಳ ಕೈಗೆ ಬಂದ ಮೇಲೆ ಹಮೀದ್ ಬೇರೆಯೇ ಹುಡುಗ. ಅದನ್ನು ಬಂದೂಕಿನ ಹಾಗೆ ಹೆಗಲ ಮೇಲೆ ಇಟ್ಟುಕೊಂಡು ಗೆಳೆಯರ ಹತ್ತಿರ ಬರುತ್ತಾನೆ. ಅವರು ಗೇಲಿ ಮಾಡಿದರೆ ವಾದಕ್ಕೆ ನಿಲ್ಲುತ್ತಾನೆ. ನನ್ನ ಇಕ್ಕಳದ ಮುಂದೆ ನಿಮ್ಮ ಬೊಂಬೆಗಳು ಏನೂ ಅಲ್ಲ ಎಂದು ಸಾಧಿಸಿಯೂ ಬಿಡುತ್ತಾನೆ. ಇಲ್ಲಿ ನನ್ನ ತರಗತಿಯಲ್ಲಿ ಜಗಳವೇ ಆಯಿತು. ‘ಅವನಿಗೆ ಜಂಬ’ ಎಂದರು ಕೆಲವರು. ‘ಜಂಬ ಅಲ್ಲ, ಅವಮಾನ ಆಗಿತ್ತಲ್ಲ, ಅದಕ್ಕೆ’ ಎಂದರು ಉಳಿದವರು. ಯಾರೂ ಗೈಡಿನ ಮಾತು ಆಡುತ್ತಿರಲಿಲ್ಲ. ಎಲ್ಲರೂ ಕಥೆಯ ಸಾಲು ಹಿಡಿದೇ ಮಾತಾಡುತ್ತಿದ್ದರು. ನಾನು ನಡುವೆ ಬಾಯಿ ಹಾಕಲಿಲ್ಲ. ಒಳ್ಳೆಯ ಪಾತ್ರಕ್ಕೆ ಒಂದೇ ಗುಣ ಇರಬೇಕು ಎಂಬ ನಂಬಿಕೆ ಹೋಗಬೇಕಾದರೆ ಇಂಥ ಜಗಳ ಆಗಬೇಕು.

ಇನ್ನು ಮಾತಿನ ವಿಷಯ. ಪಾತ್ರಗಳ ಸಂಭಾಷಣೆಯನ್ನು ಓದಲು ನಮ್ಮ ಕನ್ನಡ ಪರೀಕ್ಷೆಯಲ್ಲೇ ಒಂದು ಒಳ್ಳೆಯ ಉಪಾಯ ಇದೆ: ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ.’ ಮಾತನ್ನು ಯಾರು ಯಾರಿಗೆ ಹೇಳಿದರು, ಯಾವಾಗ ಹೇಳಿದರು, ಅದರಲ್ಲಿ ಏನು ವಿಶೇಷ ಎಂದು ಬರೆಯಬೇಕು. ಮಕ್ಕಳು ಸಂದರ್ಭ ಚೆನ್ನಾಗಿ ಬರೆದು, ಸ್ವಾರಸ್ಯಕ್ಕೆ ಬಂದಾಗ ‘ಇದು ಸ್ವಾರಸ್ಯಕರವಾಗಿದೆ’ ಎಂದು ಮುಗಿಸಿಬಿಡುತ್ತಾರೆ. ಸ್ವಾರಸ್ಯ ಎಂದರೆ ಆ ಮಾತಿನಿಂದ ಆಡಿದವರ ಬಗ್ಗೆ ನಮಗೆ ಏನು ತಿಳಿಯಿತು ಎಂದು ಬರೆಯಿರಿ ಎಂದು ನಾನು ಹೇಳಿಕೊಡುತ್ತೇನೆ. ಗೋವಿನ ಹಾಡಿನಲ್ಲೇ ನೋಡಿ. ಮೊದಲು ಹುಲಿಗೆ ಪುಣ್ಯಕೋಟಿ ಒಂದು ಬೇಟೆ. ಕೊನೆಯಲ್ಲಿ ಅದೇ ಹುಲಿ ಅವಳನ್ನು ಒಡಹುಟ್ಟಿದ ಅಕ್ಕ ಎನ್ನುತ್ತದೆ. ಹುಲಿಯ ಮನಸ್ಸು ಕರಗಿತು ಎಂದು ಉದ್ದಕ್ಕೆ ಹೇಳುವ ಬದಲು, ಕರೆಯುವ ರೀತಿಯನ್ನು ಬದಲಿಸಿದರೆ ಸಾಕಾಯಿತು. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ಯಾರು ಯಾರನ್ನು ನೀನು ಎನ್ನುತ್ತಾರೆ, ನೀವು ಎನ್ನುತ್ತಾರೆ, ಯಾವಾಗ ಥಟ್ಟನೆ ಒಂದರಿಂದ ಇನ್ನೊಂದಕ್ಕೆ ಬರುತ್ತಾರೆ ಎಂಬುದನ್ನು ಗಮನಿಸಿದರೆ ಅರ್ಧ ಕಥೆ ಗೊತ್ತಾಗುತ್ತದೆ.

ಮನಸ್ಸಿನೊಳಗಿನ ಮಾತೂ ಹಾಗೇ. ಆರ್.ಕೆ. ನಾರಾಯಣರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ (1935) ಸೋಮವಾರ ಬೆಳಿಗ್ಗೆ ಸ್ವಾಮಿಗೆ ಕಣ್ಣು ಬಿಡಲೂ ಮನಸ್ಸಿಲ್ಲ. ಬಾಯಿ ಬಿಟ್ಟು ಯಾರಿಗೂ ಏನೂ ಹೇಳುವ ಮುಂಚೆಯೇ ಆ ಹುಡುಗ ನಮಗೆ ಪರಿಚಯ ಆಗಿಬಿಡುತ್ತಾನೆ.

ಒಂಬತ್ತು, ಹತ್ತನೇ ತರಗತಿಯವರ ಜೊತೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಒಂದು ಪಾತ್ರದ ಬಗ್ಗೆ ಬೇರೆಯವರು ಆಡುವ ಮಾತನ್ನು ಎಷ್ಟು ನಂಬಬೇಕು? ಇದಕ್ಕೆ ತೇಜಸ್ವಿಯವರ ‘ಕರ್ವಾಲೊ’ (1980) ಬಹಳ ಸಹಾಯಕ್ಕೆ ಬರುತ್ತದೆ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊಗೆ ಅವನು ಹುಟ್ಟಾ ನಿಸರ್ಗ ವಿಜ್ಞಾನಿ. ಕಥೆ ಹೇಳುವ ‘ನಾನು’ಗೆ ಇದು ಮೊದಲು ಅರ್ಥವೇ ಆಗುವುದಿಲ್ಲ. ಮನುಷ್ಯ ಒಬ್ಬನೇ, ನೋಡುವ ಕಣ್ಣು ಮೂರು. ಮಂದಣ್ಣ ಕಾಡಿನಲ್ಲಿ ಏನು ನೋಡುತ್ತಾನೆ, ಹೇಗೆ ನೋಡುತ್ತಾನೆ ಎಂಬುದನ್ನು ಓದಿಯೇ ನಾವು ತೀರ್ಮಾನಕ್ಕೆ ಬರಬೇಕು. ಹಾಗೆ ಓದುವಾಗ ಕರ್ವಾಲೊ ಅವರ ಗುಣವೂ ನಮಗೆ ತಿಳಿಯುತ್ತದೆ. ಓದು ಕಮ್ಮಿ ಇರುವ ಹಳ್ಳಿ ಹುಡುಗನ ಮಾತನ್ನು ಅಷ್ಟು ಗೌರವದಿಂದ ಕೇಳುವವರು ಎಂಥವರು? ಇನ್ನೊಬ್ಬರ ಬಗ್ಗೆ ಆಡಿದ ಮಾತು ಆಡಿದವರ ಬಗ್ಗೆಯೂ ಹೇಳುತ್ತದೆ ಎಂಬುದು ಈ ವಯಸ್ಸಿನ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ. ತರಗತಿಯಲ್ಲಿ ತಮಗೆ ಬಿದ್ದ ಹೆಸರುಗಳನ್ನು, ಹಣೆಪಟ್ಟಿಗಳನ್ನು ಅವರು ಚೆನ್ನಾಗಿ ಬಲ್ಲರು. ‘ದಡ್ಡ’ ಎಂದು ಎಲ್ಲರಿಂದ ಕರೆಸಿಕೊಳ್ಳುವ ಹುಡುಗ ಮಂದಣ್ಣನ ಬಗ್ಗೆ ಮಾತಾಡಲು ಕೈ ಎತ್ತಿದ್ದನ್ನು ನಾನು ಕಂಡಿದ್ದೇನೆ.

ಓದಿಸುವುದರ ಜೊತೆಗೆ ಬರೆಸಲೇಬೇಕು. ಬರೆಯಲು ಕೂತಾಗಲೇ ಕಥೆಗಾರರು ಮಾಡುವ ಕೆಲಸ ಎಷ್ಟು ಕಷ್ಟದ್ದು ಎಂದು ಗೊತ್ತಾಗುವುದು. ನಾನು ಕೊಡುವ ಅಭ್ಯಾಸ ಇದು: ನಿನಗೆ ಗೊತ್ತಿರುವ ಒಬ್ಬರ ಬಗ್ಗೆ ಐದಾರು ಸಾಲು ಬರಿ. ಆ ವ್ಯಕ್ತಿಯ ಗುಣವನ್ನು ಹೆಸರಿಸುವ ಪದ ಬಳಸಬಾರದು. ಜಿಪುಣ, ಸಿಡುಕ, ಸಾಧು, ಯಾವುದೂ ಬೇಡ. ಓದಿದವರೇ ಕಂಡುಹಿಡಿಯಲಿ.

ಮೊದಲ ಸಲ ಬರುವುದು ಬಹುಪಾಲು ದೊಡ್ಡ ದೊಡ್ಡ ಘಟನೆಗಳು. ಮುಳುಗುವವರನ್ನು ಕಾಪಾಡುವುದು, ಕಳ್ಳನನ್ನು ಹಿಡಿಯುವುದು. ಅವನ್ನು ಪಕ್ಕಕ್ಕಿಟ್ಟು, ‘ನಿನ್ನೆ ಸಂಜೆ ಅವರು ಏನು ಮಾಡುತ್ತಿದ್ದರು, ಅದನ್ನು ಬರಿ’ ಎಂದರೆ ಜೀವ ಇರುವ ಸಾಲುಗಳು ಬರತೊಡಗುತ್ತವೆ. ಒಬ್ಬ ಹುಡುಗಿ ತನ್ನ ಅಜ್ಜನ ಬಗ್ಗೆ ಬರೆದಳು: ‘ನಮ್ಮಜ್ಜ ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಬಿಸಾಡುವುದಿಲ್ಲ. ಅದರ ಹಿಂದೆ ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುತ್ತಾರೆ.’

ಇದನ್ನು ಗಟ್ಟಿಯಾಗಿ ಓದಿಸಿದೆ. ತರಗತಿ ಎರಡು ಪಾಲಾಯಿತು. ಜಿಪುಣ ಎಂದರು ಕೆಲವರು, ಇಲ್ಲ, ಹಾಳು ಮಾಡದವರು ಎಂದರು ಕೆಲವರು. ‘ಹಾಗಾದರೆ ಇನ್ನೊಂದು ಸಾಲು ಬೇಕು. ನಿಮ್ಮಜ್ಜ ದುಡ್ಡು ಬಿಚ್ಚುವುದು ಯಾವಾಗ?’ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಬರೆದಳು: ‘ಪಕ್ಕದ ಮನೆಯವರು ಆಸ್ಪತ್ರೆಗೆ ಎಂದು ದುಡ್ಡು ಕೇಳಿದಾಗ ಅಜ್ಜ ಕೊಟ್ಟರು. ಅದನ್ನು ಮಾತ್ರ ಎಲ್ಲೂ ಬರೆದಿಡಲಿಲ್ಲ.’

ಲೆಕ್ಕ ಇಡುವ ಮನುಷ್ಯ ಒಂದು ಲೆಕ್ಕವನ್ನು ಬರೆಯದೆ ಬಿಟ್ಟ. ಮೊದಲ ಸಾಲು ಇಲ್ಲದಿದ್ದರೆ ಎರಡನೆಯದಕ್ಕೆ ಈ ಶಕ್ತಿ ಬರುತ್ತಿರಲಿಲ್ಲ. ಆ ದಿನ ನಾನು ಬೇರೆ ಏನನ್ನೂ ವಿವರಿಸಲಿಲ್ಲ. ಅವಳ ಎರಡೂ ಸಾಲುಗಳನ್ನು ಬೋರ್ಡಿನ ಮೇಲೆ ಬರೆದೆ.

ಇಷ್ಟೆಲ್ಲ ಮಾಡಿಸಿದರೆ ಪರೀಕ್ಷೆಯ ಗತಿ ಏನು ಎಂದು ಜೊತೆಯ ಟೀಚರುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಾಠಗಳು ಮುಗಿಯಬೇಕು, ಹತ್ತನೆಯವರಿಗೆ ಸಮಯ ಇಲ್ಲ. ನಾನು ಇದನ್ನು ಎಲ್ಲ ಪಾಠಕ್ಕೂ ಮಾಡುವುದಿಲ್ಲ. ಎಂಟನೇ ತರಗತಿಯಲ್ಲಿ ಶುರು ಮಾಡುತ್ತೇನೆ, ಆರಿಸಿದ ಕೆಲವು ಕಥೆಗಳಿಗೆ ಮಾತ್ರ. ಉತ್ತರ ಬರೆಯುವಾಗ ಗುಣದ ಹೆಸರು ಬರೆಯಬೇಡಿ ಎಂದೂ ಹೇಳುವುದಿಲ್ಲ. ಪ್ರಶ್ನೆಗೆ ಅದು ಬೇಕೇ ಬೇಕು. ಆದರೆ ಪ್ರತಿ ಗುಣದ ಮುಂದೆ ಪಾತ್ರ ಮಾಡಿದ ಒಂದು ಕೆಲಸ ಅಥವಾ ಆಡಿದ ಒಂದು ಮಾತು ಇರಲೇಬೇಕು. ಆಮೇಲೆ, ಆ ಗುಣಕ್ಕೆ ಹೊಂದದ ಒಂದು ಸಂಗತಿ ಕಥೆಯಲ್ಲಿ ಇದ್ದರೆ ಅದನ್ನೂ ಬರೆಯಿರಿ ಎನ್ನುತ್ತೇನೆ. ಹಾಗೆ ಬರೆದ ಉತ್ತರಗಳನ್ನು ತಿದ್ದಲು ನನಗೆ ಜಾಸ್ತಿ ಹೊತ್ತು ಬೇಕು, ಏಕೆಂದರೆ ಒಂದು ಉತ್ತರದ ಹಾಗೆ ಇನ್ನೊಂದು ಇರುವುದಿಲ್ಲ. ಪ್ರತಿಯೊಂದನ್ನೂ ಪೂರ್ತಿ ಓದಬೇಕು. ಓದುತ್ತೇನೆ.