ಬಜಪೆ ರನ್‌ವೇ ಸುತ್ತಲಿನ ಮರಗಳ ನಕ್ಷೆ: ಇಲ್ಲಿಯವರೆಗಿನ ಕೆಲಸ

ಬಜಪೆಯ ಮಂಗಳೂರು ವಿಮಾನ ನಿಲ್ದಾಣದ ಸುತ್ತ ಯಾವ ಮರ ವಿಮಾನದ ದಾರಿಗೆ ಅಡ್ಡ ಬರುವಷ್ಟು ಬೆಳೆಯುತ್ತಿದೆ ಎಂದು ಗುರುತಿಸುವ ನಕ್ಷೆಯಿದು. 06/24 ರನ್‌ವೇಯ ಎರಡೂ ತುದಿಗೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಅಪ್ರೋಚ್ ಮೇಲ್ಮೈ (ಇಳಿಯುವ ವಿಮಾನದ ದಾರಿಯ ಕೆಳಗೆ ಮರ, ಕಟ್ಟಡ ದಾಟಬಾರದ ಕಾಲ್ಪನಿಕ ಇಳಿಜಾರು) ಕೂರಿಸಿ ಆಯಿತು. ಲೆಕ್ಕ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒದ ನಿಯಮಪುಸ್ತಕ ಅನೆಕ್ಸ್ 14ರ ಎಂಟನೇ ಆವೃತ್ತಿಯದು: ಥ್ರೆಶೋಲ್ಡ್‌ನಿಂದ (ರನ್‌ವೇಯಲ್ಲಿ ವಿಮಾನ ಇಳಿಯಬಹುದಾದ ಭಾಗದ ಆರಂಭ) 60 ಮೀ. ಬಿಟ್ಟು ಶುರು, ಅಲ್ಲಿ ಅಗಲ 280 ಮೀ.; ಎರಡೂ ಬದಿಗೆ ಶೇ. 15ರಂತೆ ಹರಡುತ್ತ, 50 ಮೀ.ಗೆ 1 ಮೀ. ಏರುತ್ತ ಮೊದಲ ಹಂತ 3,000 ಮೀ. ಹೋಗುತ್ತದೆ. ಆ ಹಂತದ ಕೊನೆಯಲ್ಲಿ ಅಗಲ 1,180 ಮೀ., ಎತ್ತರ 60 ಮೀ. ನಾಲ್ಕು ಮೂಲೆಗೆ ಎತ್ತರ ಕೊಟ್ಟು ಟಿನ್ ಇಂಟರ್‌ಪೊಲೇಶನ್ (ಬಿಂದುಗಳ ನಡುವೆ ತ್ರಿಕೋನ ಹಾಸಿ ಎತ್ತರ ತುಂಬುವ ವಿಧಾನ) ಹಾಕಿದರೆ ಸಾಕು. ದೂರ ಅಳೆದು ಎತ್ತರ ತುಂಬುವ ಪ್ರಾಕ್ಸಿಮಿಟಿ ರಾಸ್ಟರ್ ಬೇಡ, ಅಂಚಿನಲ್ಲಿ ಬಾಗುತ್ತದೆ. ನಕ್ಷೆಯ ಪ್ರೊಜೆಕ್ಷನ್ (ಭೂಮಿಯನ್ನು ಸಮತಲಕ್ಕೆ ಇಳಿಸುವ ಪದ್ಧತಿ) ಯುಟಿಎಂ 43 ಉತ್ತರ.

ನಿಲ್ದಾಣ ಇರುವುದೇ ಪದವಿನ (ಚಪ್ಪಟೆ ಗುಡ್ಡದ) ಮೇಲೆ, ಸಮುದ್ರಮಟ್ಟದಿಂದ ಸುಮಾರು 100 ಮೀ. ಹಾಗಾಗಿ ಕೆಳಗಿನ ಬೈಲಿನ ಅಡಿಕೆ ತೋಟ ಎಷ್ಟು ಬೆಳೆದರೂ ಚಿಂತೆಯಿಲ್ಲ. ನೋಡಬೇಕಾದ್ದು ಎದುರಿನ ಗುಡ್ಡದ ನೆತ್ತಿಯ ಅಕೇಶಿಯಾ, ತೆಂಗು. ರನ್‌ವೇ ಪಕ್ಕಕ್ಕೆ 7ಕ್ಕೆ 1ರಂತೆ ಏರುವ ಟ್ರಾನ್ಸಿಷನಲ್ ಮೇಲ್ಮೈ ಇನ್ನೂ ಬಾಕಿ.

ತಲೆನೋವು ನೆಲದ ಎತ್ತರದ್ದು. ಕೋಪರ್ನಿಕಸ್ ಎಂಬ ಉಪಗ್ರಹ ಎತ್ತರ ದತ್ತಾಂಶ (30 ಮೀ.ಗೊಂದು ಚೌಕ) ನೆಲವನ್ನಲ್ಲ, ಮರದ ಮೇಲ್ಭಾಗವನ್ನು ಹಿಡಿಯುತ್ತದೆ. ಅದಕ್ಕೆ ಮತ್ತೆ ಮರದ ಎತ್ತರ ಕೂಡಿಸಿದರೆ ಒಂದೇ ಮರ ಎರಡು ಸಲ ಎಣಿಕೆಯಾಗುತ್ತದೆ. ಮೂಲ ರೇಡಾರ್ ಚಿತ್ರಗಳು 2011–15ರವು. ಆಮೇಲೆ ಮುರಕಲ್ಲು ಕೋರೆ ತೆಗೆದ ಕಡೆ ನೆಲವೇ ಇಳಿದಿದೆ. ಜಿಪಿಎಸ್ ರಿಸೀವರ್ ಎಲಿಪ್ಸಾಯ್ಡ್ ಎತ್ತರ (ಭೂಮಿಯ ನುಣುಪಾದ ಗಣಿತ ಆಕಾರದಿಂದ ಅಳೆದದ್ದು) ಕೊಟ್ಟರೆ ಇಲ್ಲಿ ಸಮುದ್ರಮಟ್ಟದ ಲೆಕ್ಕಕ್ಕೂ ಅದಕ್ಕೂ 80 ಮೀ.ಗೂ ಮಿಕ್ಕಿದ ಅಂತರ. ಆ ಅಂತರ ಸರಿದೂಗಿಸುವ ಜಿಯಾಯ್ಡ್ ತಿದ್ದುಪಡಿ ಮಾಡದೆ ಬೆರೆಸಿದರೆ ಇಡೀ ಗುಡ್ಡ ಪಾತಾಳಕ್ಕೆ!

ಒಂದು ಮಾದರಿ ಲೆಕ್ಕ: ಥ್ರೆಶೋಲ್ಡ್ 100 ಮೀ. ಎಂದುಕೊಳ್ಳಿ. 1 ಕಿ.ಮೀ. ದೂರದಲ್ಲಿ ಮಿತಿ 118.8 ಮೀ. 96 ಮೀ. ನೆಲದಲ್ಲಿ 22 ಮೀ. ತೆಂಗು ಇದ್ದರೆ ತುದಿ 118 ಮೀ. ಉಳಿದದ್ದು 80 ಸೆಂ.ಮೀ.; ವರ್ಷಕ್ಕೆ 40 ಸೆಂ.ಮೀ. ಬೆಳೆದರೆ ಎರಡೇ ವರ್ಷ. ಆದರೆ ಉಪಗ್ರಹ ದತ್ತಾಂಶದ ದೋಷವೇ ಹಲವು ಮೀಟರ್. ಆದ್ದರಿಂದ ಅಂತರ 8 ಮೀ.ಗಿಂತ ಕಡಿಮೆ ಬಂದ ಜಾಗಗಳನ್ನೆಲ್ಲ ಕೆಂಪು ಮಾಡಿದ್ದೇವೆ. ಕೆಂಪು ಎಂದರೆ ಕಡಿಯಿರಿ ಎಂದಲ್ಲ, ಹೋಗಿ ಅಳೆಯಿರಿ ಎಂದು.

ಅಳೆಯುವುದು ಟೇಪು, ಕ್ಲೈನೋಮೀಟರಿನಿಂದ (ಕೋನ ಅಳೆಯುವ ಉಪಕರಣ). ನಿಲ್ದಾಣದ ಹತ್ತಿರ ಅನುಮತಿಯಿಲ್ಲದೆ ಡ್ರೋನ್ ಎತ್ತುವಂತಿಲ್ಲ. ತೆಂಗು ವಾಲಿದ್ದರೆ ವಾಲಿಕೆ ಎಡಕ್ಕೋ ಬಲಕ್ಕೋ ಕಾಣುವ ಹಾಗೆ ನಿಲ್ಲಬೇಕು. ನಮ್ಮ ಕಡೆಗೆ ವಾಲಿದ ಮರ ಇರುವುದಕ್ಕಿಂತ ಎತ್ತರ ತೋರಿಸುತ್ತದೆ. ಗುರಿ ಕಾಂಡದ ತಲೆಯಲ್ಲ, ನೆಟ್ಟಗೆ ನಿಂತ ಸುಳಿಯ ತುದಿ. ಇಳಿಜಾರಿನಲ್ಲಿ ಟೇಪನ್ನು ಅಡ್ಡಮಟ್ಟಕ್ಕೆ ಹಿಡಿಯದಿದ್ದರೆ ಲೆಕ್ಕ ಕೆಟ್ಟಿತು.

ಮುಂದೆ ಜಾತಿವಾರು ಕಾಲಂ ಸೇರಿಸಬೇಕು. ಮಾವು, ಹಲಸಿನ ಕೊಂಬೆ ಸವರಿದರೆ ಕೆಲವು ವರ್ಷ ನಿಭಾಯಿಸಬಹುದು. ತೆಂಗಿಗೆ ಅದಿಲ್ಲ, ಸುಳಿ ಕಡಿದರೆ ಮರವೇ ಹೋಯಿತು. ಅಲ್ಲಿ ಗಿಡ್ಡ ತಳಿ ನೆಡುವ ಮಾತನ್ನು ತೋಟದವರೊಡನೆ ಮೊದಲೇ ಆಡಬೇಕು, ಹಳೆಯ ಮರ ಮಿತಿ ಮುಟ್ಟಿದ ಮೇಲಲ್ಲ.