ಕರಗುವ ಗಡಿಯಾರಗಳ ಚಿತ್ರದಲ್ಲಿ ವಿನ್ಯಾಸ ಎಲ್ಲಿದೆ?

ಕಾರವಾರದಲ್ಲಿ ಚಿತ್ರಕಲೆ ಕಲಿಸುವ ನನಗೆ ಪ್ರತಿ ವರ್ಷವೂ ಎದುರಾಗುವ ಪ್ರಶ್ನೆಯೊಂದಿದೆ: “ಸರ್, ಸರ್ರಿಯಲಿಸಂ ಅಂದರೆ ಕನಸಿನಲ್ಲಿ ಕಂಡದ್ದನ್ನೆಲ್ಲ ಬರೆಯುವುದಲ್ಲವೇ? ಅದರಲ್ಲಿ ಸಮತೋಲನ, ಲಯ, ವೈದೃಶ್ಯ ಎಂದೆಲ್ಲ ವಿನ್ಯಾಸದ ತತ್ವಗಳನ್ನು ಹುಡುಕುವುದು ಹೇಗೆ?” ಪ್ರಶ್ನೆ ನ್ಯಾಯವಾದದ್ದೇ. 1924ರಲ್ಲಿ ಪ್ಯಾರಿಸಿನಲ್ಲಿ ಕವಿ ಆಂದ್ರೆ ಬ್ರೆತೋನ್ ಹೊರಡಿಸಿದ ಸರ್ರಿಯಲಿಸಂನ ಪ್ರಣಾಳಿಕೆಯು ವಿವೇಚನೆಯ ಹಿಡಿತವಿಲ್ಲದ ಮನಸ್ಸಿನ ಓಟವನ್ನೇ ಎತ್ತಿ ಹಿಡಿದಿತ್ತು. ಆದರೆ ಸ್ಪೇನಿನ ಸರ್ರಿಯಲಿಸ್ಟ್ ಚಿತ್ರಕಾರ ಸಾಲ್ವಡಾರ್ ಡಾಲಿಯ ಮಟ್ಟಿಗಂತೂ ಸಡಿಲವಾದದ್ದು ವಸ್ತುಗಳ ಅರ್ಥವೇ ಹೊರತು ಅವುಗಳನ್ನು ಚೌಕಟ್ಟಿನೊಳಗೆ ಕೂರಿಸುವ ಕ್ರಮವಲ್ಲ ಎಂಬುದು ನನ್ನ ಉತ್ತರ.

ಇದನ್ನು ತೋರಿಸಲು ನಾನು ಅವನ ‘ದಿ ಪರ್ಸಿಸ್ಟೆನ್ಸ್ ಆಫ್ ಮೆಮೊರಿ’ಯ ಮುದ್ರಿತ ಪ್ರತಿಯನ್ನು ಮೇಜಿನ ಮೇಲಿಡುತ್ತೇನೆ. 1931ರ ಈ ತೈಲಚಿತ್ರ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಗೋಡೆಯಷ್ಟು ದೊಡ್ಡದಿರಬೇಕೆಂದು ಮಕ್ಕಳು ಭಾವಿಸಿರುತ್ತಾರೆ. ಅದರ ಅಳತೆ ಸುಮಾರು 24 x 33 ಸೆಂಟಿಮೀಟರ್, ಅಂದರೆ ಎ4 ಹಾಳೆಗಿಂತ ತುಸು ದೊಡ್ಡದು ಅಷ್ಟೆ.

ಎಡಬದಿಯಲ್ಲಿ ಪೆಟ್ಟಿಗೆಯಂಥ ಕಂದು ಕಟ್ಟೆ, ಅದರ ಮೇಲೆ ಎಲೆಯಿಲ್ಲದ ಮರ ಮತ್ತು ನಾಲ್ಕು ಗಡಿಯಾರಗಳಲ್ಲಿ ಮೂರು ಇವೆ. ಬಲಕ್ಕೆ ಹೆಚ್ಚುಕಡಿಮೆ ಬಯಲು. ಮೇಲ್ತುದಿಯಲ್ಲಿ ಮಾತ್ರ ಕಡಲಿಗಿಳಿಯುವ ಹೊಂಬಣ್ಣದ ಬಂಡೆಗಳು. “ಆ ಬಂಡೆಗಳನ್ನು ಅಂಗೈಯಿಂದ ಮುಚ್ಚಿ ನೋಡು” ಎನ್ನುತ್ತೇನೆ. ಮುಚ್ಚಿದೊಡನೆ ಇಡೀ ಚಿತ್ರ ಎಡಕ್ಕೆ ವಾಲುತ್ತದೆ. ಗಾತ್ರದ ಭಾರವನ್ನು ಬೆಳಕಿನ ಭಾರದಿಂದ ತೂಗಿಸಿದ ಸಮತೋಲನವದು. ಎರಡೂ ಬದಿ ಒಂದೇ ಆಗಿರಬೇಕೆಂಬ ನಿಯಮ ಅದಕ್ಕಿಲ್ಲ.

ಆ ಬೆಳಕು ನಮಗೆ ಅಪರಿಚಿತವೂ ಅಲ್ಲ. ಬೆಳಗಿನ ಹೊತ್ತು ನಮ್ಮ ಕಡಲ ತೀರದಲ್ಲಿ ನಿಂತರೆ ಪೂರ್ವದ ಗುಡ್ಡಗಳ ನೆರಳು ಮರಳಿನ ಮೇಲೆ ಇನ್ನೂ ಬಿದ್ದಿರುತ್ತದೆ, ಆದರೆ ದೂರದ ಕೂರ್ಮಗಡ ದ್ವೀಪಕ್ಕೆ ಆಗಲೇ ಬಿಸಿಲು ತಾಗಿರುತ್ತದೆ. ಡಾಲಿಯ ಬಂಡೆಗಳು ಸ್ಪೇನಿನ ಪೂರ್ವ ಕರಾವಳಿಯವು. ಅಲ್ಲಿ ಸೂರ್ಯ ಮುಳುಗುವುದು ನೆಲದ ಕಡೆಗೆ. ಹಾಗಾಗಿ ಅವನ ಮುಸ್ಸಂಜೆ ನಮ್ಮ ಮುಂಜಾನೆಯಂತೆ ಕಾಣುತ್ತದೆ. ಮುಂಭಾಗ ನೆರಳಾಗಿ ದೂರ ಬೆಳಗಿದಾಗ ಕಣ್ಣು ತಾನಾಗಿ ಆಳಕ್ಕೆ ಹೋಗುತ್ತದೆ. ಚಿತ್ರದ ವಿಸ್ತಾರವೆಲ್ಲ ಹುಟ್ಟುವುದು ನೆರಳು-ಬೆಳಕಿನ ಈ ವೈದೃಶ್ಯದಿಂದ, ಅಂದರೆ ಎದ್ದು ಕಾಣುವ ವ್ಯತ್ಯಾಸದಿಂದ.

ಲಯದ ವಿಷಯವೇ ನನಗೆ ಅತ್ಯಂತ ಪ್ರಿಯವಾದದ್ದು. ಮೆತ್ತಗಾದ ಗಡಿಯಾರಗಳು ಮೂರು: ಒಂದು ಕೊಂಬೆಯಿಂದ ಒಣಹಾಕಿದ ಬಟ್ಟೆಯಂತೆ ಜೋತಿದೆ, ಇನ್ನೊಂದು ಕಟ್ಟೆಯ ಅಂಚಿನಿಂದ ಜಾರುತ್ತಿದೆ, ಮತ್ತೊಂದು ನಡುವೆ ಕಣ್ಮುಚ್ಚಿ ಬಿದ್ದಿರುವ, ಹೆಸರಿಡಲಾಗದ ಆಕೃತಿಯೊಂದರ ಮೇಲೆ ಕುದುರೆಯ ತಡಿಯಂತೆ ಹಾಸಿದೆ. ಆಕಾರ ಮರಳಿ ಬರುತ್ತದೆ, ಬಾಗು ಮಾತ್ರ ಪ್ರತಿ ಸಲ ಬೇರೆ. ನಾಲ್ಕನೆಯದು ಈ ಲಯವನ್ನು ಮುರಿಯುತ್ತದೆ. ಅದು ಗಟ್ಟಿ, ಬೋರಲು, ಕಿತ್ತಳೆ ಬಣ್ಣದ್ದು, ಮೇಲೆಲ್ಲ ಇರುವೆ. ಕಳೆದ ವರ್ಷ ಒಬ್ಬಳು ವಿದ್ಯಾರ್ಥಿನಿ ಅದನ್ನು ಹೆಬ್ಬೆರಳಿನಿಂದ ಮುಚ್ಚಿ, ಸ್ವಲ್ಪ ಹೊತ್ತು ನೋಡಿ, “ಉಳಿದವು ಈಗ ಅಷ್ಟು ಮೆತ್ತಗೆ ಅನಿಸುವುದಿಲ್ಲ” ಎಂದಳು. ಒಂದು ಭಾಗವನ್ನು ಉಳಿದವುಗಳ ನಡುವೆ ಎದ್ದು ಕಾಣಿಸುವ ಪ್ರಾಮುಖ್ಯ ಎಂಬ ತತ್ವವನ್ನು ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಡಾಲಿ ತಾನೇ ಬರೆದಿರುವ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಬಂಡೆ, ಕಡಲು, ಕೊಂಬೆ ಕಡಿದ ಆಲಿವ್ ಮರ ಇವೆಲ್ಲವೂ ಮೊದಲೇ ಸಿದ್ಧವಾಗಿದ್ದವು. ಅಲ್ಲಿ ಏನನ್ನಿಡಬೇಕೆಂದು ಮಾತ್ರ ಹೊಳೆದಿರಲಿಲ್ಲ. ಊಟದ ನಂತರ ಕರಗುತ್ತಿದ್ದ ಕ್ಯಾಮೆಂಬೇರ್ ಚೀಸನ್ನು ನೆನೆಯುತ್ತ ಕುಳಿತವನಿಗೆ ಗಡಿಯಾರಗಳು ಕಂಡದ್ದು ಆಮೇಲೆ. ಆದ್ದರಿಂದಲೇ, ವಿಚಿತ್ರ ಸಂಗತಿಗಳ ಪಟ್ಟಿಯೊಂದನ್ನು ಹಿಡಿದು ಬರುವ ಹುಡುಗರಿಗೆ ನಾನು ಮೊದಲು ದಿಗಂತದ ಗೆರೆ ಎಲ್ಲಿ ಬರಬೇಕು, ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂಬುದನ್ನು ನಿರ್ಧರಿಸಿ, ಖಾಲಿ ಕಡಲ ತೀರವೊಂದನ್ನು ಬರೆದು ತರಲು ಹೇಳುತ್ತೇನೆ. ಪಟ್ಟಿಯನ್ನು ತೆರೆಯುವುದು ಮುಂದಿನ ವಾರ.